ಮಳೆ ನಿಂತ ಮೇಲೆ ಜೋಗಿಮಟ್ಟಿ: ಕೆಸರಿದ್ದರೂ ಕಾಲುದಾರಿ ಬಿಡಬಾರದು ಯಾಕೆ?

ಸ್ವಾತಿ ಮಳೆ ಮುಗಿದು ವಿಶಾಖ ಶುರುವಾಗುವ ಹೊತ್ತಿಗೆ, ಅಂದರೆ ನವೆಂಬರ್ ಮೊದಲ ವಾರ ದಾಟುತ್ತಿದ್ದಂತೆ, ಚಿತ್ರದುರ್ಗದವರಿಗೆ ಊರ ಪಕ್ಕದ ಜೋಗಿಮಟ್ಟಿ ಗುಡ್ಡ ನೆನಪಾಗುತ್ತದೆ. ಗುಡ್ಡ ಇನ್ನೂ ಹಸಿರು, ಬೆಳಿಗ್ಗೆ ಮಂಜು, ಬಿಸಿಲು ಹಿತ. ಭಾನುವಾರ ಬಂತು ಅಂದರೆ ಬೈಕು, ಕಾರು, ಕೈಯಲ್ಲಿ ಫೋನು. ದಾವಣಗೆರೆ ಕಡೆಯವರು ಕೊಂಡಜ್ಜಿಗೆ ಹೋಗುತ್ತಾರೆ, ಜಗಳೂರಿನವರು ರಂಗಯ್ಯನದುರ್ಗದ ಕಾಡಿನ ಕಡೆ ನೋಡುತ್ತಾರೆ. ಹೋಗಲಿ, ಒಳ್ಳೆಯದೇ. ಆದರೆ ಅಲ್ಲಿ ಅರಣ್ಯ ಸಿಬ್ಬಂದಿ "ಹಾದಿ ಬಿಟ್ಟು ಇಳಿಯಬೇಡಿ" ಅಂದಾಗ ಸಿಟ್ಟು ಬರುತ್ತದೆ, ಅಲ್ವಾ? ಮುಂದೆ ಕೆಸರು ಇದೆ, ಪಕ್ಕದಲ್ಲಿ ಒಣ ಹುಲ್ಲಿದೆ, ಅದರ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಕಾಡಿಗೇನು ನಷ್ಟ?

ನಷ್ಟ ಇದೆ. ಅದೂ ನವೆಂಬರ್, ಡಿಸೆಂಬರ್ ಈ ಎರಡು ತಿಂಗಳಲ್ಲೇ ಜಾಸ್ತಿ. ಅದು ಹೇಗೆ ಅಂತ ಬುಡದಿಂದ ನೋಡೋಣ.

ನವೆಂಬರಿನಲ್ಲಿ ಗುಡ್ಡದ ಸ್ಥಿತಿ

ನಮ್ಮದು ಮಳೆ ಕಡಿಮೆ ಇರುವ ಸೀಮೆ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಬಹುಪಾಲು ನೀರು ಸುರಿದು, ಉಳಿದದ್ದನ್ನು ನಮಗೆ ತರುತ್ತದೆ. ಜೂನ್, ಜುಲೈನಲ್ಲಿ ಮಲೆನಾಡು ಕೊಚ್ಚಿ ಹೋಗುತ್ತಿದ್ದರೆ ಇಲ್ಲಿ ಬರೀ ಗಾಳಿ, ತುಂತುರು. ನಮಗೆ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದರ ಹಿಂದೆಯೇ ಹಿಂಗಾರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯಿತು ಅಂದರೆ ನವೆಂಬರಿನಲ್ಲೂ ಎರಡು ಮೂರು ದಿನ ಜಡಿ ಹಿಡಿಯುತ್ತದೆ.

ಹಾಗಾಗಿ ಚಳಿಗಾಲ ಶುರುವಾದಾಗ ಗುಡ್ಡದ ಹೊಟ್ಟೆಯಲ್ಲಿ ವರ್ಷದಲ್ಲೇ ಹೆಚ್ಚು ನೀರು ಇರುತ್ತದೆ. ಮೇಲೆ ನೋಡಿದರೆ ಮಾತ್ರ ಒಣಗಿದಂತೆ ಕಾಣುತ್ತದೆ. ಬಿಸಿಲಿಗೆ ಮೇಲಿನ ಪದರ ಬೆಳ್ಳಗಾಗಿರುತ್ತದೆ, ಎರಡು ಬೆರಳು ಕೆಳಗೆ ಇನ್ನೂ ಮೆತ್ತಗೆ. ಇನ್ನೊಂದು ವಿಷಯ ಇದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಲ್ಲ, ಅದಕ್ಕೇ ಗುಡ್ಡದ ಉತ್ತರಕ್ಕೆ ಮುಖ ಮಾಡಿದ ಮಗ್ಗುಲಿಗೆ ಬಿಸಿಲು ಓರೆಯಾಗಿ ಬೀಳುತ್ತದೆ. ಅಲ್ಲಿ ಕೆಸರು ದಿನಗಟ್ಟಲೆ ಆರುವುದಿಲ್ಲ. ದಕ್ಷಿಣದ ಮಗ್ಗುಲಲ್ಲಿ ಧೂಳು ಏಳುತ್ತಿದ್ದರೂ ಒಂದು ತಿರುವು ದಾಟಿದ ಕೂಡಲೇ ಕಾಲು ಜಾರುವುದು ಇದರಿಂದಲೇ.

ಬೆಳಗಿನ ಇಬ್ಬನಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಬಂಡೆ ಮೇಲೆ ಮಳೆಗಾಲದ ಪಾಚಿ ಒಣಗಿ ಕಪ್ಪಗೆ ಅಂಟಿಕೊಂಡಿರುತ್ತದೆ. ನೋಡಲು ಬರೀ ಕಲೆ. ಇಬ್ಬನಿ ಬಿದ್ದರೆ ಅದೇ ಮತ್ತೆ ಲೋಳೆಯಾಗುತ್ತದೆ. ದುರ್ಗದ ಕೋಟೆಯ ನುಣುಪು ಬಂಡೆಗಳಲ್ಲಿ ಬೆಳಿಗ್ಗೆ ಬೇಗ ಹತ್ತುವವರು ಇದನ್ನು ಗಮನಿಸಿರಬಹುದು. ಬಿಸಿಲು ಚೆನ್ನಾಗಿ ಏರುವ ತನಕ ಬಂಡೆ ಹತ್ತುವ ಉಸಾಬರಿ ಬೇಡ.

ಮಣ್ಣು ಎಷ್ಟಿದೆ?

ಕೋಟೆಯ ಬೆಟ್ಟ ಗ್ರಾನೈಟ್ ಜಾತಿಯ ಕಲ್ಲು. ಗುಂಡು ಗುಂಡಾದ ಹೆಬ್ಬಂಡೆಗಳು. ಜೋಗಿಮಟ್ಟಿ ಹಾಗಲ್ಲ. ಅದು ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಅಂತ ಕರೆಯುವ, ಉದ್ದಕ್ಕೆ ಹರಡಿದ ಪುರಾತನ ಕಲ್ಲಿನ ಸಾಲಿಗೆ ಸೇರಿದ್ದು. 250 ಕೋಟಿ ವರ್ಷಕ್ಕೂ ಹಿಂದೆ ಲಾವಾರಸ ಹರಿದು, ತಣಿದು, ಆಮೇಲೆ ಒತ್ತಡಕ್ಕೆ ಸಿಕ್ಕಿ ಬದಲಾದ ಕಲ್ಲು. ಮರಡಿಹಳ್ಳಿಯಲ್ಲಿ ದಿಂಬು ದಿಂಬಾಗಿ ಕಾಣುವ ಲಾವಾ ಶಿಲೆ ಇದೆಯಲ್ಲ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಕಾಪಾಡಿರುವುದು, ಅದೂ ಇದೇ ಪಟ್ಟಿಯದ್ದು. ನೀರಿನೊಳಗೆ ಹರಿದ ಲಾವಾ ಮಾತ್ರ ಹಾಗೆ ದಿಂಬಾಗುತ್ತದೆ. ಅಂದರೆ ನಮ್ಮ ಈ ಬರದ ಸೀಮೆ ಒಂದು ಕಾಲಕ್ಕೆ ಸಮುದ್ರದ ತಳ!

ಇಂಥ ಕಲ್ಲು ಚಕ್ಕೆ ಚಕ್ಕೆಯಾಗಿ ಒಡೆದು ಗರಸಾಗುತ್ತದೆ. ಗರಸಿನ ಮೇಲೆ ತೆಳುವಾಗಿ ಕೆಂಪು ಮಣ್ಣು. ಇಳಿಜಾರಿನಲ್ಲಿ ಎಷ್ಟೋ ಕಡೆ ಗೇಣು ಮಣ್ಣೂ ಸಿಗುವುದಿಲ್ಲ. ಒಂದು ಅಂಗುಲ ಮಣ್ಣು ಆಗಲು ನೂರಾರು ವರ್ಷ ಬೇಕು. ಕಾಡಿನ ಎಲ್ಲಾ ವ್ಯವಹಾರ ನಡೆಯುವುದು ಆ ತೆಳು ಪದರದಲ್ಲೇ. ದಿಂಡಿಗ, ಕಮರ, ಕಗ್ಗಲಿ, ಸೀತಾಫಲ, ಹುಲ್ಲು, ಎಲ್ಲದರ ಬೇರೂ ಅಲ್ಲೇ ಹೆಣೆದುಕೊಂಡಿರುತ್ತದೆ. ಆ ಪದರ ಹೋದರೆ ಉಳಿಯುವುದು ಗರಸು. ಅದರ ಮೇಲೆ ಬಂದರಿಕೆ ಮತ್ತು ಮುಳ್ಳುಕಂಟಿ ಬಿಟ್ಟರೆ ಹೆಚ್ಚೇನೂ ಏಳುವುದಿಲ್ಲ.

ಹಸಿ ಮಣ್ಣನ್ನು ತುಳಿದರೆ

ನಮ್ಮ ಹಳ್ಳಿಗಳಲ್ಲಿ ರಾಗಿ ಕೊಯ್ಲಿನ ಹೊತ್ತಿಗೆ ತೆನೆ ಒಕ್ಕಲು ಕಣ ಮಾಡುತ್ತಿದ್ದರು. ಈಗ ಮಷೀನು ಬಂದು ಕಡಿಮೆಯಾಗಿದೆ, ಆದರೂ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ನೆಲ ಕೆರೆದು, ನೀರು ಹಾಕಿ, ದನ ತುಳಿಸಿ, ರೋಣಗಲ್ಲು ಎಳೆದು, ಕೊನೆಗೆ ಸಗಣಿ ಸಾರಿಸುತ್ತಿದ್ದರು. ಒಣ ನೆಲವನ್ನು ಎಷ್ಟು ತುಳಿದರೂ ಅದು ಪುಡಿಯಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ನೀರು ಹಾಕಿ ತುಳಿದರೆ ಮಾತ್ರ ಕಲ್ಲಿನಂತಾಗುತ್ತದೆ. ನಾವು ನವೆಂಬರಿನಲ್ಲಿ ಗುಡ್ಡ ಹತ್ತಿದಾಗ ಗೊತ್ತಿಲ್ಲದೆ ಮಾಡುವುದು ಇದನ್ನೇ, ಕಾಡಿನಲ್ಲಿ ಕಣ ಮಾಡುವುದನ್ನು.

ಇದಕ್ಕೆ ಕಾರಣ ಸರಳ. ಮಣ್ಣು ಅಂದರೆ ಬರೀ ಕಣಗಳಲ್ಲ, ಅವುಗಳ ನಡುವೆ ಸಣ್ಣ ಸಣ್ಣ ತೂತುಗಳೂ ಇವೆ. ನೀರು ಇಂಗುವುದು, ಬೇರಿಗೆ ಗಾಳಿ ಹೋಗುವುದು, ಎರೆಹುಳ ಓಡಾಡುವುದು ಅವುಗಳಲ್ಲೇ. ಮಣ್ಣು ಒಣಗಿದ್ದಾಗ ಕಣಗಳು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡು ನಮ್ಮ ಭಾರ ತಡೆಯುತ್ತವೆ. ತೇವ ಇದ್ದಾಗ ನೀರು ಎಣ್ಣೆ ಬಿಟ್ಟಂತೆ ಅವನ್ನು ಜಾರಿಸುತ್ತದೆ, ಕಣಗಳು ಒತ್ತಾಗಿ ಕೂರುತ್ತವೆ, ತೂತು ಮುಚ್ಚುತ್ತವೆ. ಆಮೇಲೆ ಬಿಸಿಲು ಬಿದ್ದು ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಮುಂದಿನ ಮಳೆಯ ನೀರು ಇಂಗಲು ಜಾಗ ಇಲ್ಲ, ಹರಿಯುತ್ತದೆ.

ಒಂದೇ ಕಾಲುದಾರಿ ಹೀಗೆ ಗಟ್ಟಿಯಾದರೆ ತೊಂದರೆ ಇಲ್ಲ. ದಾರಿ ಅಂದರೆ ಅದೇ ತಾನೇ. ಅಷ್ಟು ನೆಲವನ್ನು ನಮಗಾಗಿ ಬಿಟ್ಟುಕೊಟ್ಟಾಗಿದೆ. ತೊಂದರೆ ಶುರುವಾಗುವುದು ದಾರಿ ಅಗಲವಾದಾಗ.

ಎರಡು ಅಡಿ ಹಾದಿ ಹತ್ತು ಅಡಿಯಾಗುವುದು

ಮೊದಲು ಬಂದವರು ಕೆಸರು ನೋಡಿ ಎಡಕ್ಕೆ ಸರಿದು ಹುಲ್ಲಿನ ಮೇಲೆ ನಡೆಯುತ್ತಾರೆ. ಹುಲ್ಲು ಸಾಯುತ್ತದೆ, ಅಲ್ಲೂ ಕೆಸರಾಗುತ್ತದೆ. ಆಮೇಲೆ ಬಂದವರು ಇನ್ನಷ್ಟು ಎಡಕ್ಕೆ. ಮತ್ತೊಂದು ಗುಂಪು ಬಲಕ್ಕೆ. ಯಾರೂ ಕೆಟ್ಟ ಕೆಲಸ ಮಾಡಿಲ್ಲ, ಶೂ ಉಳಿಸಿಕೊಂಡಿದ್ದಾರೆ ಅಷ್ಟೇ. ಸೀಸನ್ ಮುಗಿಯುವ ಹೊತ್ತಿಗೆ ಬಂಡಿದಾರಿ ತಯಾರು.

ಈಗ ಒಂದು ಲೆಕ್ಕ ಮಾಡೋಣ. 1 ಕಿಲೋಮೀಟರ್ ಉದ್ದ, 1 ಮೀಟರ್ ಅಗಲದ ಹಾದಿ ಅಂದುಕೊಳ್ಳಿ. 10 ಮಿಲಿಮೀಟರ್ ಮಳೆ ಬಂತು, ಅಂದರೆ ಒಂದು ಸಾಧಾರಣ ಹದ ಮಳೆ. ಆ ಹಾದಿಯ ಮೇಲೆ ಬಿದ್ದ ನೀರು 10 ಸಾವಿರ ಲೀಟರ್. ಹಾದಿ 3 ಮೀಟರ್ ಅಗಲ ಆಗಿದ್ದರೆ 30 ಸಾವಿರ ಲೀಟರ್. ನೆಲ ಗಟ್ಟಿಯಾಗಿರುವುದರಿಂದ ಇದರಲ್ಲಿ ಹೆಚ್ಚಿನದು ಇಂಗುವುದಿಲ್ಲ, ಇಳಿಜಾರು ಹಿಡಿದು ಓಡುತ್ತದೆ. ಸಾಲದ್ದಕ್ಕೆ ಅಕ್ಕಪಕ್ಕದ ನೀರೂ ಬಂದು ಸೇರುತ್ತದೆ. ಓಡುವ ನೀರಿನ ಸ್ವಭಾವ ಏನಂದರೆ, ವೇಗ ಎರಡು ಪಟ್ಟಾದರೆ ಮಣ್ಣು, ಕಲ್ಲು ಹೊತ್ತೊಯ್ಯುವ ಶಕ್ತಿ ಬರೀ ಎರಡು ಪಟ್ಟಾಗುವುದಿಲ್ಲ, ಅದರ ಎಷ್ಟೋ ಪಟ್ಟು ಏರುತ್ತದೆ. ಮೊದಲು ಗೆರೆಯಂಥ ಸೀಳು, ಆಮೇಲೆ ಮೊಣಕಾಲುದ್ದ ಕೊರಕಲು. ಕೊರಕಲಿನಲ್ಲಿ ನಡೆಯಲು ಆಗುವುದಿಲ್ಲ ಅಂತ ಜನ ಮತ್ತೆ ಪಕ್ಕದಲ್ಲಿ ಹೊಸ ಹಾದಿ ಮಾಡುತ್ತಾರೆ.

ಇದಕ್ಕಿಂತ ಜಾಸ್ತಿ ಹಾನಿ ಮಾಡುವುದು ತಿರುವಿನ ಅಡ್ಡದಾರಿ. ಗುಡ್ಡದ ಹಾದಿಯನ್ನು ಹಾವು ಹರಿದಂತೆ ಅಡ್ಡಡ್ಡ ತೆಗೆದಿರುವುದು ನಮಗೆ ಸುಸ್ತಾಗದಿರಲಿ ಅಂತ ಮಾತ್ರ ಅಲ್ಲ. ನೀರು ನೇರ ಇಳಿಯದಿರಲಿ ಅಂತಲೂ ಹೌದು. ಅಡ್ಡ ಹಾದಿಯಲ್ಲಿ ನೀರು ನಿಧಾನ, ಅಲ್ಲಲ್ಲೇ ಅಂಚಿನಿಂದ ಹೊರಗೆ ಚೆಲ್ಲಿ ಪೊದೆಯಲ್ಲಿ ಇಂಗುತ್ತದೆ. ಮೇಲಿನ ತಿರುವಿನಿಂದ ಕೆಳಗಿನ ತಿರುವಿಗೆ ನಾವು ಜಾರುತ್ತಾ ಇಳಿದಿದ್ದೇವೆ ಅಂದರೆ, ನೀರಿಗೂ ಒಂದು ಕಾಲುವೆ ತೋಡಿಕೊಟ್ಟಂತೆ. ಐದು ನಿಮಿಷ ಉಳಿಯಿತು ಅಂತ ಖುಷಿ ನಮಗೆ.

ಕೊಚ್ಚಿಹೋದ ಮಣ್ಣು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ದುರ್ಗದವರಿಗೆ ನೀರಿನ ಬೆಲೆ ಗೊತ್ತಿಲ್ಲದ್ದೇನಲ್ಲ. ಕೋಟೆಯ ಮೇಲೆ ಬಿದ್ದ ಹನಿ ಹೊಂಡದಿಂದ ಹೊಂಡಕ್ಕೆ ಇಳಿದು ಸಂತೆ ಹೊಂಡದ ತನಕ ಬರುವಂತೆ ಪಾಳೇಗಾರರ ಕಾಲದಲ್ಲೇ ಕಟ್ಟಿದ ಊರು ಇದು. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ್ದು, ಮತ್ತೆ ಕೋಡಿ ಬೀಳಲು 2022ರ ತನಕ ಕಾಯಬೇಕಾಯಿತು. ಇಂಥ ಸೀಮೆಯಲ್ಲಿ ಗುಡ್ಡದ ಮಣ್ಣು ಕೆರೆಗೆ ಹೂಳಾಗಿ ಇಳಿದರೆ ಎರಡು ಕಡೆ ನಷ್ಟ. ಮೇಲೆ ನೀರು ಇಂಗಲು ಮಣ್ಣಿಲ್ಲ, ಕೆಳಗೆ ನೀರು ನಿಲ್ಲಲು ಜಾಗ ಇಲ್ಲ. ಅರಣ್ಯ ಇಲಾಖೆಯವರು ಇಳಿಜಾರಿನಲ್ಲಿ ಅಡ್ಡಲಾಗಿ ತೋಡಿಸುವ ಇಂಗುಗುಂಡಿ, ಕೊರಕಲಿಗೆ ಪೇರಿಸುವ ಕಲ್ಲಿನ ತಡೆ, ಹಾದಿಗೆ ಓರೆಯಾಗಿ ಹೂಳುವ ಮರದ ದಿಮ್ಮಿ, ಎಲ್ಲವೂ ನೀರಿನ ಓಟಕ್ಕೆ ಬ್ರೇಕ್ ಹಾಕಲು. ಕೂರಲು ಚೆನ್ನಾಗಿದೆ ಅಂತ ಆ ಕಲ್ಲು ಎತ್ತಿ ಸರಿಸಬೇಡಿ.

ಹೋಗಬಹುದಾ, ಬೇಡವಾ? ಹದ ನೋಡಿ

ಹೊಲಕ್ಕೆ ಹದ ಬಂದಿದೆಯಾ ಅಂತ ರೈತರು ನೋಡುವ ವಿಧಾನವೇ ಇಲ್ಲಿಗೂ ಸಾಕು. ಎರಡು ಬೆರಳು ಕೆಳಗಿನ ಮಣ್ಣು ಒಂದು ಹಿಡಿ ತಗೊಂಡು ಅದುಮಿ. ಉಂಡೆ ಕಟ್ಟಿ, ಮೇಲ್ಮೈ ಮಿಂಚಿ, ಕೈಗೆ ಅಂಟಿಕೊಂಡರೆ ಇನ್ನೂ ಹಸಿ. ಬೆರಳು ತಾಕಿಸಿದ ಕೂಡಲೇ ಉಂಡೆ ಉದುರಿದರೆ ಅಡ್ಡಿಯಿಲ್ಲ. ಇದೂ ಬೇಡ ಅಂದರೆ ನಿಮ್ಮ ಹೆಜ್ಜೆ ಗುರುತನ್ನೇ ನೋಡಿ. ಚಪ್ಪಲಿಯ ಅಚ್ಚು ಆಳಕ್ಕೆ ಮೂಡಿ ಹಾಗೇ ನಿಂತಿದ್ದರೆ ಆ ದಿನ ಕಾಲುದಾರಿ ಬಿಟ್ಟು ರಸ್ತೆಯಲ್ಲೇ ನಡೆಯುವುದು ಒಳ್ಳೆಯದು. ಜೋಗಿಮಟ್ಟಿಗೆ ರಸ್ತೆ ಇದೆ, ನೋಟ ಅದರಿಂದಲೂ ಕಾಣುತ್ತದೆ.

ಹಾದಿಯಲ್ಲಿ ನಡುವೆ ಒಂದಿಷ್ಟು ಕೆಸರು ಸಿಕ್ಕಿದರೆ? ನಡುವಿನಲ್ಲೇ, ಒಬ್ಬರ ಹಿಂದೆ ಒಬ್ಬರು ದಾಟಿ. ಶೂ ತೊಳೆಯಬಹುದು, ಮಣ್ಣು ಮತ್ತೆ ತರಲಾಗುವುದಿಲ್ಲ. ಬೈಕ್ ಮಾತ್ರ ಕಾಲುದಾರಿಗೆ ಇಳಿಸಲೇಬಾರದು. ಹೆಜ್ಜೆ ಬಿಡಿ ಬಿಡಿಯಾಗಿ ಗುಳಿ ಮಾಡುತ್ತದೆ, ಟೈರು ಒಂದೇ ಉದ್ದದ ಗೆರೆ ಕೊರೆಯುತ್ತದೆ, ನೀರಿಗೆ ಅದೇ ರೆಡಿಮೇಡ್ ಚರಂಡಿ. ಟೈರಿನ ಕೆಸರಲ್ಲಿ ಕಾಂಗ್ರೆಸ್ ಗಿಡದ ಬೀಜವೂ ಬರುತ್ತದೆ. ನೆಲ ಕೆದಕಿ ಬಿಸಿಲು ಬಿದ್ದ ಕಡೆ ಕಾಂಗ್ರೆಸ್ ಗಿಡ, ಲಂಟಾನ ಬೇಗ ಬೇರು ಬಿಡುತ್ತವೆ. ಹಾದಿಯ ಅಂಚಿನಲ್ಲೇ ಲಂಟಾನ ಯಾಕೆ ಅಷ್ಟು ದಟ್ಟ ಅನ್ನುವುದಕ್ಕೆ ಇದೂ ಒಂದು ಕಾರಣ.

ಹುಲ್ಲಿನೊಳಗೆ ಇರುವವರು

ಹಾದಿ ಬಿಡಬಾರದು ಅನ್ನುವುದಕ್ಕೆ ನಮ್ಮ ಸ್ವಂತ ಮೈ ಕಾಯುವ ಕಾರಣಗಳೂ ಇವೆ. ಈಗ ಹುಲ್ಲು ಸೊಂಟದ ತನಕ ಬೆಳೆದಿರುತ್ತದೆ. ಪ್ಯಾಂಟಿಗೆ, ಸಾಕ್ಸಿಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು ನೋಡಿದ್ದೀರಲ್ಲ, ಅದರ ಊಬು ಇಬ್ಬನಿಗೆ ನೆನೆದಾಗ ಬಿಚ್ಚಿಕೊಳ್ಳುತ್ತದೆ, ಬಿಸಿಲಿಗೆ ಒಣಗಿದಾಗ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ದಿನಾ ಹೀಗೆ ತಿರುಗಿ ತಿರುಗಿ ಬೀಜವನ್ನು ನೆಲಕ್ಕೆ ಕೊರೆದು ಇಳಿಸುತ್ತದೆ. ತನ್ನನ್ನು ತಾನೇ ಬಿತ್ತಿಕೊಳ್ಳುವ ಹುಲ್ಲು! ನಮ್ಮ ಸಾಕ್ಸನ್ನೂ ಅದು ನೆಲ ಅಂದುಕೊಳ್ಳುತ್ತದೆ, ಅಷ್ಟೇ.

ಕೊಳಕುಮಂಡಲ ಹಾವಿಗೆ ಚಳಿಗಾಲ ಜೋಡಿ ಹುಡುಕುವ ಕಾಲ, ಓಡಾಟ ಜಾಸ್ತಿ. ಬೆಳಿಗ್ಗೆ ಬಿಸಿಲು ಕಾಯಿಸಲು ಒಣ ಎಲೆ ಮೇಲೆ ಮಲಗಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಹಾದಿ ಮೇಲಿದ್ದರೆ ಕಾಣುತ್ತದೆ, ಹುಲ್ಲಿನಲ್ಲಿದ್ದರೆ ಕಾಲಿಗೆ ಸಿಕ್ಕ ಮೇಲೇ ಗೊತ್ತಾಗುವುದು. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ.

ಕರಡಿ ವಿಷಯ ಬೇರೆ. ಅದು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಕಣ್ಣು ಮಂದ, ಗೆದ್ದಲು ಅಗೆಯುವಾಗ ತನ್ನದೇ ಸದ್ದಿನಲ್ಲಿ ಮುಳುಗಿರುತ್ತದೆ, ತೀರಾ ಹತ್ತಿರ ಹೋದಾಗ ಗಾಬರಿಯಾಗಿ ಮೇಲೆ ಬೀಳುತ್ತದೆ. ನವೆಂಬರಿನಿಂದ ಜನವರಿ ತನಕ ಅದು ಗವಿಯಲ್ಲಿ ಮರಿ ಹಾಕುವ ಕಾಲ. ಆದ್ದರಿಂದ ಬಂಡೆ ಸಂದು, ಗವಿಗಳಿಗೆ ಇಣುಕಬೇಡಿ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆ ಹತ್ತಿರ, ಮುಳುಗುವುದು ಆರರ ಹೊತ್ತಿಗೆ. ಕತ್ತಲಲ್ಲಿ ನಡೆಯಬೇಡಿ. ಗುಂಪಾಗಿ, ಮಾತಾಡಿಕೊಂಡು ಹೋಗಿ, ಕಿವಿಗೆ ಇಯರ್‌ಫೋನ್ ಬೇಡ. ಹಾಗಂತ ಸ್ಪೀಕರ್ ಹಾಕಿಕೊಂಡು ಹೋಗುವುದೂ ಅಲ್ಲ, ದಯವಿಟ್ಟು.

ಇನ್ನು ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬಿರುವ ಪುಟ್ಟ ಜಿಂಕೆಯಂಥ ಪ್ರಾಣಿ, ಭಾರತ ಮತ್ತು ನೇಪಾಳ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಅದಕ್ಕೆಂದೇ ರಂಗಯ್ಯನದುರ್ಗವನ್ನು 2011ರಲ್ಲಿ ವನ್ಯಧಾಮ ಮಾಡಿದ್ದು. ಅದು ಅಪಾಯ ಕಂಡರೆ ಓಡುವುದಿಲ್ಲ, ಮೊದಲು ಹುಲ್ಲಿನಲ್ಲಿ ಕದಲದೆ ನಿಲ್ಲುತ್ತದೆ. ಮರಿಯನ್ನೂ ಹುಲ್ಲಿನಲ್ಲೇ ಅಡಗಿಸುತ್ತದೆ. ನಾವು ಹುಲ್ಲಿಗೆ ಇಳಿದರೆ ಅದರ ಮನೆಯೊಳಗೆ ಹೋದಂತೆ.

ಈ ಜಾಗ ಕಾಯ್ದೆ ಪ್ರಕಾರ ಏನು?

ಊರಿನ ಹೊರಗಿನ ಹಸಿರೆಲ್ಲ ನಮಗೆ ಕಾಡು. ಕಾಗದದಲ್ಲಿ ಅದು ಬೇರೆ ಬೇರೆ. ಮೀಸಲು ಅರಣ್ಯ ಅಂದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಗಡಿ ಗುರುತಿಸಿ ಘೋಷಿಸಿದ ಜಾಗ. ಅದನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ವನ್ಯಜೀವಿ ಧಾಮ ಅದಕ್ಕಿಂತ ಬಿಗಿ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ. ಜೋಗಿಮಟ್ಟಿಯ ಸುಮಾರು 100 ಚದರ ಕಿಲೋಮೀಟರ್ ಕಾಡು 2015ರಲ್ಲಿ ಈ ಸಾಲಿಗೆ ಸೇರಿತು. ಧಾಮದೊಳಗೆ ಹೋಗಲು ಅನುಮತಿ ಬೇಕು. ಅಲ್ಲಿಂದ ಏನನ್ನೂ ತರುವಂತಿಲ್ಲ, ಕಾಡಿಗೆ ಅಪಾಯ ಆಗುವಂತೆ ಬೆಂಕಿ ಹಚ್ಚುವಂತಿಲ್ಲ. ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ, ದುಡ್ಡು ಕಟ್ಟಿ ಅನ್ನುವುದು ಸಿಬ್ಬಂದಿಯ ಕಿರಿಕಿರಿ ಅಲ್ಲ, ಕಾಯ್ದೆಯ 27 ಮತ್ತು 28ನೇ ಸೆಕ್ಷನ್ ಹೇಳುವುದೇ ಅದನ್ನು.

ಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಹೆಸರು ಕೇಳಿ ಹೊಲ ಹೋಯಿತು ಅಂತ ಹೆದರುವವರಿದ್ದಾರೆ. ಅಲ್ಲಿ ಬೇಸಾಯಕ್ಕೆ, ವಾಸಕ್ಕೆ ತಡೆ ಇಲ್ಲ. ಗಣಿ, ಕ್ರಷರ್, ಹೊಗೆ ಉಗುಳುವ ಕಾರ್ಖಾನೆಗಳಿಗೆ ತಡೆ. ಈ ಪಟ್ಟಿ ಎಲ್ಲ ಕಡೆ ಕನಿಷ್ಠ 1 ಕಿಲೋಮೀಟರ್ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಹೇಳಿ, 2023ರ ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸಿತು. ಗಡಿಯಿಂದ 1 ಕಿಲೋಮೀಟರ್ ಒಳಗೆ ಗಣಿ ಬೇಡ ಅನ್ನುವ ಮಾತು ಮಾತ್ರ ಹಾಗೇ ಉಳಿಯಿತು. ಗಣಿ ಇರುವ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಗೋಮಾಳ, ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲು ಅನ್ನುವ ಹುಲ್ಲುಗಾವಲು, ಇವು ಮತ್ತೆ ಬೇರೆ. ಮರ ಇಲ್ಲ ಅಂತ ಅವನ್ನು ಬಂಜರು ಅನ್ನುವುದು ನಮ್ಮ ಹಳೇ ಚಾಳಿ. ಕೃಷ್ಣಮೃಗಕ್ಕೆ ಬೇಕಾಗಿರುವುದು ಮರವಲ್ಲ, ಆ ಬಯಲೇ.

ಡಿಸೆಂಬರ್ ಕಳೆದರೆ ಬೆಂಕಿ

ಈಗ ಹಸಿ ಅಂತ ಹೇಳಿದ್ದು ಹೆಚ್ಚು ದಿನ ಇರುವುದಿಲ್ಲ. ಜನವರಿಗೆ ಅದೇ ಹುಲ್ಲು ಒಣಗಿ ಕಡ್ಡಿಯಾಗುತ್ತದೆ. ಆ ಹೊತ್ತಿಗೆ ಇಲಾಖೆಯವರು ಕಾಡಿನ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ ಹುಲ್ಲು ಸವರಿ, ಕಾವಲಿದ್ದು ಸುಟ್ಟು ಬೋಳು ಪಟ್ಟಿ ಮಾಡುತ್ತಾರೆ. ಅದೇ ಬೆಂಕಿ ರೇಖೆ. "ಇಲಾಖೆಯವರೇ ಕಾಡು ಸುಡ್ತಾರೆ" ಅಂತ ವಿಡಿಯೋ ಮಾಡುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಬೆಂಕಿ ಬಂದಾಗ ಉರಿಯಲು ಏನೂ ಸಿಗದೆ ಅಲ್ಲೇ ನಿಲ್ಲಲಿ ಅಂತ ಅದನ್ನು ಮಾಡುವುದು.

ನಮ್ಮ ಒಣ ಕಾಡುಗಳಲ್ಲಿ ಬೆಂಕಿ ತಾನಾಗಿ ಹತ್ತುವುದು ತೀರಾ ಅಪರೂಪ. ಬೀಡಿ ತುಂಡು, ಅಡುಗೆ ಮಾಡಿ ಆರಿಸದ ಒಲೆ, ಹೊಸ ಹುಲ್ಲು ಚಿಗುರಲಿ ಅಂತ ಇಟ್ಟ ಕಿಡಿ, ಇವೇ ಕಾರಣ. ಸುಟ್ಟ ಗುಡ್ಡದ ನಷ್ಟ ಮರಗಳ ಜೊತೆ ಮುಗಿಯುವುದೂ ಇಲ್ಲ. ನೆಲದ ಮೇಲಿನ ಎಲೆ, ಹುಲ್ಲಿನ ಹೊದಿಕೆ ಹೋಗಿರುತ್ತದೆ, ಮೇ ತಿಂಗಳ ಗುಡುಗು ಮಳೆ ಬರಿ ಮಣ್ಣಿಗೆ ಹೊಡೆಯುತ್ತದೆ, ಆಮೇಲೆ ಅದೇ ಕೊರಕಲು, ಅದೇ ಹೂಳು.

ಗುಡ್ಡದಲ್ಲಿದ್ದಾಗ ಹೊಗೆ ಕಂಡರೆ ಮೇಲಕ್ಕೆ ಓಡಬೇಡಿ. ಬೆಂಕಿಯ ಶಾಖ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿಡುವುದರಿಂದ ಅದು ಏರಿನಲ್ಲಿ ವೇಗವಾಗಿ ಹತ್ತುತ್ತದೆ. ಪಕ್ಕಕ್ಕೆ ಸರಿದು ಬಂಡೆ, ರಸ್ತೆ ಇಲ್ಲವೇ ಬೋಳು ಜಾಗ ಸೇರಿ, ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಇನ್ನೆರಡು ಪ್ರಶ್ನೆ

ಸೀತಾಫಲ ಕಿತ್ತುಕೊಳ್ಳಬಹುದಾ? ಧಾಮದೊಳಗೆ ಇಲ್ಲ. ಕರಡಿಗೂ ಅದು ಇಷ್ಟ. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಮಾರುವವರು ಬೇಕಾದಷ್ಟು ಜನ ಇರುತ್ತಾರೆ, ಅವರ ಹತ್ತಿರ ಕೊಳ್ಳಿ.

ನಾಯಿ ಕರೆದುಕೊಂಡು ಹೋಗಬಹುದಾ? ಬೇಡ. ಎಷ್ಟೇ ಸಾಧು ನಾಯಿಯಾದರೂ ಕೊಂಡುಕುರಿ, ಮೊಲ ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ. ನಾಯಿಗಳ ಡಿಸ್ಟೆಂಪರ್‌ನಂಥ ಕಾಯಿಲೆ ನರಿ, ತೋಳಗಳಿಗೂ ದಾಟುತ್ತದೆ. ಚಿರತೆ ಇರುವ ಕಾಡಿನಲ್ಲಿ ನಾಯಿಗೂ ಒಳ್ಳೆಯದಲ್ಲ. ಮನೆಯಲ್ಲೇ ಬಿಟ್ಟು ಬನ್ನಿ.